ಸಿ.ಡಿ. ರೈಟರ್ ಬರೆಯಲೊಲ್ಲದಾಗ

(ಬಾನುಲಿ ಭಾಷಣ)

ಹಿರಿಯರ ದನಿಯೋ, ಅಜ್ಜಿಯ ಹಾಡೋ ಎಷ್ಟೋ ಮನೆಗಳ ಹಳೆಯ ಟೇಪುಗಳಲ್ಲಿ ಉಳಿದಿದೆ. ಅದನ್ನು ಗಣಕಯಂತ್ರಕ್ಕೆ ಇಳಿಸಿಕೊಂಡವರು ಪ್ರತಿ ತೆಗೆದಿರಿಸಲು ಸಿ.ಡಿ.ಯ ಮೊರೆಹೋಗುವುದುಂಟು. ಲಿನಕ್ಸ್‌ನಿಂದ ನಡೆಯುವ ಗಣಕದಲ್ಲಿ ಈ ಕೆಲಸಕ್ಕೆ ತೊಡಗಿದವರಿಗೆ ಒಂದು ಸೋಜಿಗ ಎದುರಾಗಬಹುದು: ಯಂತ್ರ ತಟ್ಟೆಯನ್ನು ಓದುತ್ತದೆ, ಬರೆಯಲು ಮಾತ್ರ ಒಲ್ಲದು. ಇದರ ಕಾರಣವನ್ನೂ ಪರಿಹಾರವನ್ನೂ ನಾನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಮೊದಲು ಬರೆಯುವುದೆಂದರೇನು ಎಂಬುದನ್ನು ನೋಡೋಣ. ಖಾಲಿ ಸಿ.ಡಿ.ಯೊಳಗೆ ಬಣ್ಣದ ತೆಳುಪದರವೊಂದಿದೆ. ಲೇಸರ್ ಕಿರಣ ಅದನ್ನು ಕಾಯಿಸಿ ಅಲ್ಲಲ್ಲಿ ಗುರುತು ಮೂಡಿಸುತ್ತದೆ. ತಾಳೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರದಂತೆ ಆ ಗುರುತು ಮತ್ತೆ ಅಳಿಯದು. ಆದ್ದರಿಂದಲೇ ಬರವಣಿಗೆಗೆ ತಕ್ಕ ಆಜ್ಞೆ ಬೇಕು, ಅನುಮತಿ ಬೇಕು, ಎಡೆಬಿಡದ ಪೂರೈಕೆ ಬೇಕು. ತೊಡಕುಗಳು ಹೆಚ್ಚಾಗಿ ಹುಟ್ಟುವುದು ಈ ಮೂರರಲ್ಲೇ.

ಆಜ್ಞೆಯ ಮಾತು ಮೊದಲು. ಸಿ.ಡಿ. ರೈಟರುಗಳು ಅರಿಯುವ ಆಜ್ಞೆಗಳು 'ಸ್ಕಸಿ' ಎಂಬ ಪದ್ಧತಿಗೆ ಸೇರಿದವು. ಮನೆಯ ಗಣಕಗಳ ರೈಟರುಗಳಾದರೋ ಐ.ಡಿ.ಇ. ತಂತಿಗೆ ಜೋಡಿಸಿದವಾಗಿದ್ದವು. 2001ರಲ್ಲಿ ಬಂದ ಲಿನಕ್ಸಿನ 2.4ನೆಯ ಕರ್ನೆಲ್‌ನ ಕಾಲದಲ್ಲಿ ಇವೆರಡರ ನಡುವೆ ದುಭಾಷಿಯೊಬ್ಬನನ್ನು ನಿಲ್ಲಿಸಬೇಕಾಗಿತ್ತು. ಗಣಕ ಎಚ್ಚರಗೊಳ್ಳುವಾಗಲೇ 'ಎಚ್‌ಡಿಸಿ=ಐಡಿಇ-ಸ್ಕಸಿ' ಎಂಬಂಥ ಸಾಲನ್ನು ಕೊಡದಿದ್ದರೆ, ಬರೀ ಓದಬಲ್ಲ ಚಾಲಕ ತಂತ್ರಾಂಶವೇ ಯಂತ್ರವನ್ನು ಹಿಡಿದುಕೊಳ್ಳುತ್ತಿತ್ತು. 'ಸಿಡಿರೆಕಾರ್ಡ್' ಹುಡುಕಿದರೆ ಅದಕ್ಕೆ ರೈಟರೇ ಕಾಣುತ್ತಿರಲಿಲ್ಲ. 2003ರ ಡಿಸೆಂಬರಿನಲ್ಲಿ ಹೊರಬಂದ 2.6ನೆಯ ಕರ್ನೆಲ್ ಈ ದುಭಾಷಿಗೆ ನಿವೃತ್ತಿ ಕೊಟ್ಟಿತು. ಇಂದಿನ ಗಣಕದಲ್ಲಿ ರೈಟರ್ ಸಾಮಾನ್ಯವಾಗಿ 'ಎಸ್‌ಆರ್0' ಎಂಬ ಹೆಸರಿನಿಂದ ಕಾಣುತ್ತದೆ. ಹಳೆಯ ಕೈಪಿಡಿಯ ಸಾಲನ್ನು ಹೊಸ ಗಣಕಕ್ಕೆ ತುರುಕಿ ಪ್ರಯೋಜನವಿಲ್ಲ.

ಇನ್ನು ಅನುಮತಿ. ಯಜಮಾನನ ಅಧಿಕಾರ ಪಡೆದ 'ರೂಟ್' ಬಳಕೆದಾರ ಬರೆಯಬಲ್ಲ, ನೀವು ಬರೆಯಲಾರಿರಿ ಎಂದಾದರೆ ಯಂತ್ರ ನಿರ್ದೋಷಿ. ಡೆಬಿಯನ್‌ನಂಥ ವ್ಯವಸ್ಥೆಗಳಲ್ಲಿ ನಿಮ್ಮ ಹೆಸರು 'ಸಿಡಿರೋಮ್' ಎಂಬ ಗುಂಪಿನಲ್ಲಿರಬೇಕು. ಹೆಸರನ್ನು ಸೇರಿಸಿದ ಮೇಲೆ ಒಮ್ಮೆ ಹೊರಬಂದು ಮರಳಿ ಒಳಹೊಕ್ಕಾಗಲೇ ಅದು ಜಾರಿಗೆ ಬರುವುದು.

ಮೂರನೆಯದು ಪೂರೈಕೆ. ಬರೆಯುತ್ತಿರುವ ಲೇಸರಿಗೆ ಒದಗಬೇಕಾದ ಮಾಹಿತಿ ನಡುವೆ ಬತ್ತಿದರೆ ತಟ್ಟೆ ಕೆಡುತ್ತದೆ. ಸುಮಾರು 2000ದಿಂದೀಚೆಗೆ ಬಂದ ರೈಟರುಗಳಲ್ಲಿ ನಿಂತಲ್ಲಿಂದ ಮುಂದುವರಿಯುವ ಉಪಾಯ ಸೇರಿಕೊಂಡಿತು. ಅದಕ್ಕೂ ಹಳೆಯ ಯಂತ್ರವಾದರೆ ವೇಗ ತಗ್ಗಿಸಿ, ಬೇರೆ ಕೆಲಸಗಳನ್ನು ನಿಲ್ಲಿಸಿ. ಲೇಸರನ್ನು ಉರಿಸದೆ ಮಾಡುವ ತಾಲೀಮಿಗೂ ಸಿಡಿರೆಕಾರ್ಡಿನಲ್ಲಿ ಏರ್ಪಾಡಿದೆ. ಮೊದಲು ಅದನ್ನು ನಡೆಸಿ ನೋಡುವುದು ಲೇಸು.

ನಾವು ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಸಿ.ಡಿ.ಯ ಮೂಲ ಕಡತಪದ್ಧತಿ ಕಟ್ಟುನಿಟ್ಟಾಗಿ ಒಪ್ಪುವುದು ರೋಮನ್ ದೊಡ್ಡಕ್ಷರ, ಅಂಕಿ ಮತ್ತು ಅಡಿಗೆರೆಗಳನ್ನಷ್ಟೇ. ಕಡತಗಳ ಕನ್ನಡ ಹೆಸರುಗಳು ಉಳಿಯಬೇಕಾದರೆ 'ಜೋಲಿಯೆಟ್' ಅಥವಾ 'ರಾಕ್ ರಿಡ್ಜ್' ಎಂಬ ವಿಸ್ತರಣೆಯನ್ನು ಆರಿಸಬೇಕು.

ಬರೆದು ಮುಗಿಸಿದೊಡನೆ ತಟ್ಟೆಯನ್ನು ಮೂಲದೊಡನೆ ಹೋಲಿಸಿ ನೋಡಿ. ಬಿಸಿಲಿನಿಂದ ದೂರವಿಡಿ, ಮತ್ತೊಂದು ಪ್ರತಿ ಬೇರೊಂದೆಡೆ ಇರಲಿ. ಬಣ್ಣದ ಪದರಕ್ಕೂ ಮುಪ್ಪುಂಟು. ಅದು ಮಸಕಾಗುವ ಮುನ್ನವೇ ಅದರಲ್ಲಿನ ದನಿಯನ್ನು ಹೊಸ ನೆಲೆಗೆ ಸಾಗಿಸುವುದು, ಆ ದನಿಯನ್ನು ಪಡೆದುಕೊಂಡವರ ಹೊಣೆ.