ಜೇನಿನ ವೇಷದ ಪತಂಗ

ಹುಡುಗನೊಬ್ಬ “ಮೇಷ್ಟ್ರೇ, ಜೇನು ಕೊಂದೆ!” ಎಂದು ರೋಮಭರಿತ ಕೀಟವೊಂದನ್ನು ಮೇಜಿನ ಮೇಲಿಟ್ಟ. ಅದು ಜೇನಲ್ಲ, ಜೇನಿನ ವೇಷದ ಪತಂಗ.

ಕೋಶದಿಂದ ಹೊರಬಂದಾಗ ಇದರ ರೆಕ್ಕೆಯ ಮೇಲೆ ಬೂದುಬಣ್ಣದ ಹುಡಿಯಿರುತ್ತದೆ. ಮೊದಲ ಹಾರಾಟದಲ್ಲಿಯೇ ಅದು ಉದುರಿ ರೆಕ್ಕೆ ಗಾಜಿನಂತಾಗುತ್ತದೆ. ಮೈ ಹಸಿರು, ನಡುವಿಗೆ ಕೆಂಪು ಪಟ್ಟಿ, ಬಾಲದಲ್ಲಿ ಕರಿಯ ಕುಚ್ಚು. ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಟ್ಟ ಸೊಂಡಿಲನ್ನು ಚಾಚಿ, ಹೂವಿನ ಮೇಲೆ ಕೂಡದೆ ಗಾಳಿಯಲ್ಲಿ ನಿಂತೇ ಮಧು ಹೀರುತ್ತದೆ. ಕಾಫಿಗಿಡದ ಎಲೆ ಇದರ ಮರಿಹುಳುವಿಗೆ ಆಹಾರ. ಇದಕ್ಕೆ ಕೊಂಡಿಯಿಲ್ಲ, ಕುಟುಕುವವರ ವೇಷವೇ ರಕ್ಷೆ. ಅದೇ ವೇಷ ಇಂದು ಮುಳುವಾಯಿತು.

ನಿಜವಾದ ಜೇನೇ ಆಗಿದ್ದರೆ? ನಮ್ಮ ಹಿತ್ತಿಲಿಗೆ ಬರುವ ನೀಲಿಪಟ್ಟೆಯ ಒಂಟಿಜೇನಿಗೂ ಮೈತುಂಬ ರೋಮ. ಅದಕ್ಕೆ ರಾಣಿಯಿಲ್ಲ, ಪರಿವಾರವಿಲ್ಲ. ತಾಯಿಯೊಬ್ಬಳೇ ಮಣ್ಣು ಕೊರೆದು, ಹಿಂಗಾಲಿನ ಕೂದಲಲ್ಲಿ ಪರಾಗ ಹೊತ್ತು ತಂದು, ಹುಟ್ಟಲಿರುವ ಮರಿಗೆ ಬುತ್ತಿ ಕಟ್ಟಿಡುತ್ತಾಳೆ. ಕೊಂಡಿ ಹೆಣ್ಣಿಗೆ ಮಾತ್ರ. ಹಿಡಿದು ಹಿಂಸಿಸದೆ ಕುಟುಕುವುದು ಅಪರೂಪ. ಟೊಮೇಟೊ, ಬದನೆ ಹೂಗಳನ್ನು ತಬ್ಬಿ ಮೈ ನಡುಗಿಸಿ ಪರಾಗ ಉದುರಿಸುವ ವಿದ್ಯೆ ಇದಕ್ಕುಂಟು. ಪೆಟ್ಟಿಗೆಯ ಜೇನಿಗೆ ಅದು ಬಾರದು.

ಹುಡುಗ ತಲೆತಗ್ಗಿಸಿ, “ಹಾಗಾದರೆ ಕೋಲು ಯಾವುದಕ್ಕೆ ಮೇಷ್ಟ್ರೇ?” ಎಂದ. “ಬದನೆಗಿಡಕ್ಕೆ ಊರೆಗೋಲು ಕೊಡಲಿಕ್ಕೆ” ಎಂದೆ.