ಆಟೋ ಬಾಡಿಗೆಯ ಲೆಕ್ಕ ಮತ್ತು ಹ್ಯಾಸ್ಕೆಲ್ ಭಾಷೆ

ಬೆಳ್ಳಂದೂರಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ ಕಚೇರಿ ಬಿಡುವ ಹೊತ್ತಿಗೆ ಆಟೋ ಸಿಗುವುದೆಷ್ಟು ಕಷ್ಟವೆಂದು ಅಲ್ಲಿ ಕೆಲಸ ಮಾಡುವವರನ್ನು ಕೇಳಬೇಕು. ಅವರಲ್ಲಿ ಅನೇಕರು ಬಳಸುವ ‘ನಮ್ಮ ಯಾತ್ರಿ’ ಆ್ಯಪ್ ಬೆಂಗಳೂರಿನಲ್ಲಿ 2022ರ ನವೆಂಬರ್‌ನಲ್ಲಿ ಆರಂಭವಾಯಿತು. ಬೆಂಗಳೂರಿನದೇ ಆದ ಜಸ್‌ಪೇ ಸಂಸ್ಥೆ ಆಟೋ ಚಾಲಕರ ಸಂಘದೊಡನೆ ಸೇರಿ ತಂದ ಈ ತಂತ್ರಾಂಶದ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು. ಓದಲು ಹೊರಟರೆ ಒಂದು ಅಚ್ಚರಿ ಕಾದಿದೆ. ಸರ್ವರ್‌ನಲ್ಲಿ ನಡೆಯುವ ಮುಖ್ಯ ಕೆಲಸವನ್ನು ಜಾವಾದಲ್ಲೂ ಬರೆದಿಲ್ಲ, ಪೈಥಾನ್‌ನಲ್ಲೂ ಬರೆದಿಲ್ಲ. ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ ಬರೆದಿದ್ದಾರೆ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಹೆಸರು ಕಿವಿಗೆ ಬೀಳುವುದು ಅಪರೂಪ. ಇದರ ಬೇರು 1930ರ ದಶಕದಲ್ಲಿ ಅಲೊಂಜೊ ಚರ್ಚ್ ರೂಪಿಸಿದ ಲ್ಯಾಂಬ್ಡಾ ಕಲನದಲ್ಲಿದೆ. 1987ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಸೇರಿದ ಸಂಶೋಧಕರು ತಂತಮ್ಮ ಹತ್ತಾರು ಭಾಷೆಗಳ ಬದಲು ಎಲ್ಲರಿಗೂ ಒಂದೇ ಭಾಷೆಯಿರಲಿ ಎಂದು ನಿಶ್ಚಯಿಸಿದರು. 1990ರಲ್ಲಿ ಮೊದಲ ಆವೃತ್ತಿ ಹೊರಬಂತು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಇಂಥ ಪಂಡಿತರ ಭಾಷೆಗೆ ಆಟೋ ಬಾಡಿಗೆಯಲ್ಲಿ ಏನು ಕೆಲಸ?

ಒಂದು ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಆಟೋಗೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ಬೆಳ್ಳಂದೂರಿನಿಂದ 5 ಕಿ.ಮೀ. ಹೋದರೆ ಹಗಲಿನಲ್ಲಿ 90 ರೂಪಾಯಿ, ರಾತ್ರಿ 135 ರೂಪಾಯಿ. ಇದನ್ನು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮನ್ನು ನೀವೇ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ದೂರವನ್ನಷ್ಟೇ ಕೇಳಿ ಪಡೆದು, ವೇಳೆಯನ್ನು ಗಣಕದ ಗಡಿಯಾರದಿಂದ ತಾನೇ ನೋಡಿಕೊಳ್ಳುವಂತೆ ಬರೆದಿರಿ. ನೋಡಲು ಏನೂ ತೊಂದರೆಯಿಲ್ಲ. ಮಧ್ಯಾಹ್ನ 3 ಗಂಟೆಗೆ ಪರೀಕ್ಷಿಸಿದಿರಿ, ನೂರು ಸಲವೂ ಸರಿಯಾದ ಉತ್ತರ ಬಂತು.

ಪ್ರಯಾಣಿಕರೊಬ್ಬರು ರಾತ್ರಿ 9.50ಕ್ಕೆ ಆಟೋ ಹತ್ತುತ್ತಾರೆ. ಪರದೆಯ ಮೇಲೆ 90 ಎಂದಿದೆ. ಸಿಗ್ನಲ್‌ನಲ್ಲಿ ನಿಂತೂ ನಿಂತೂ ಇಳಿಯುವಾಗ 10.05. ರಸೀದಿಗಾಗಿ ಅದೇ ಪ್ರೋಗ್ರಾಮನ್ನು ಮತ್ತೆ ಕರೆದಾಗ ಅದು 135 ಎನ್ನುತ್ತದೆ! ಯಾವುದು ಸರಿ ಎಂಬುದನ್ನು ನಿಯಮ ಹೇಳಬೇಕು. ಆದರೆ ಒಂದೇ ದೂರಕ್ಕೆ ಎರಡು ಉತ್ತರ ಬಂದದ್ದೇಕೆಂದು ಪ್ರೋಗ್ರಾಮಿನ ತಲೆಬರಹ ಓದಿದವರಿಗೆ ತಿಳಿಯುವಂತಿಲ್ಲ. 45 ರೂಪಾಯಿಗಾಗಿ ರಸ್ತೆಯಲ್ಲಿ ಜಗಳವಾಡಬೇಕಾದವರು ಪಾಪ, ಚಾಲಕ ಮತ್ತು ಪ್ರಯಾಣಿಕ. (ಇದು ವಿವರಣೆಗಾಗಿ ಹೆಣೆದ ಉದಾಹರಣೆ, ಯಾವ ಆ್ಯಪ್‌ನಲ್ಲೂ ನಡೆದದ್ದೆಂದು ತಿಳಿಯಬೇಡಿ.)

ಗಣಿತದ ಫಲನ ಹೀಗೆ ವರ್ತಿಸುವುದಿಲ್ಲ. 5ರ ವರ್ಗ ಬೆಳಿಗ್ಗೆಯೂ 25, ರಾತ್ರಿಯೂ 25. ಹ್ಯಾಸ್ಕೆಲ್‌ನಲ್ಲಿ ಬರೆಯುವ ಫಂಕ್ಷನ್ ಕೂಡ ಅಂಥದೇ. ಕೊಟ್ಟದ್ದನ್ನು ಮಾತ್ರ ನೋಡುತ್ತದೆ. ಇದನ್ನು ‘ಶುದ್ಧ’ ಫಂಕ್ಷನ್ ಎನ್ನುತ್ತಾರೆ. ಬಾಡಿಗೆಯ ತಲೆಬರಹ ಹೀಗಿರುತ್ತದೆ:

ಬಾಡಿಗೆ : ದೂರ → ವೇಳೆ → ರೂಪಾಯಿ

ವೇಳೆಯನ್ನು ಕರೆಯುವವರೇ ಕೊಡಬೇಕು. ಹತ್ತಿದ ವೇಳೆಯೋ ಇಳಿದ ವೇಳೆಯೋ ಎಂಬ ಪ್ರಶ್ನೆ ಆಗಲೇ ಎದುರಿಗೆ ಬಂದು ನಿಲ್ಲುತ್ತದೆ. ಗಡಿಯಾರ ನೋಡಲೇಬೇಕೆಂದರೆ ನೋಡಬಹುದು, ಆದರೆ ‘ಇದು ಹೊರಜಗತ್ತನ್ನು ಮುಟ್ಟುತ್ತದೆ’ ಎಂಬ ಮುದ್ರೆ ತಲೆಬರಹದಲ್ಲೇ ಬೀಳುತ್ತದೆ. ಕದ್ದು ನೋಡಲಾಗದು.

ಎರಡನೆಯ ಉಪಕಾರ ಇದಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ. ನಮ್ಮ ಯಾತ್ರಿ 2023ರಲ್ಲಿ ಕಮಿಷನ್‌ಗೆ ಬದಲಾಗಿ ಚಾಲಕರಿಗೆ ಎರಡು ಬಗೆಯ ಶುಲ್ಕ ಇಟ್ಟಿತು: ದಿನಕ್ಕೆ 25 ರೂಪಾಯಿ, ಇಲ್ಲವೇ ಸವಾರಿಗೆ ಮೂರೂವರೆ ರೂಪಾಯಿ. ಸಾಮಾನ್ಯವಾಗಿ ಇದಕ್ಕೆ ‘ದಿನದ ಶುಲ್ಕ’, ‘ಸವಾರಿ ಶುಲ್ಕ’ ಎಂದು ಎರಡು ಖಾನೆ ಮಾಡಿ, ಒಂದನ್ನು ಖಾಲಿ ಬಿಡುತ್ತಾರೆ. ಕಣ್ತಪ್ಪಿ ಎರಡೂ ತುಂಬಿದರೆ? ಚಾಲಕನ ದುಡಿಮೆಯಿಂದ ಎರಡೆರಡು ಸಲ ಹಣ ಕಡಿತ. ಹ್ಯಾಸ್ಕೆಲ್‌ನಲ್ಲಿ ಬರೆಯುವುದು ಹೀಗೆ:

ಶುಲ್ಕ = ದಿನದ್ದು | ಸವಾರಿಯದ್ದು

ನಡುವಿನ ಗೆರೆಗೆ ‘ಅಥವಾ’ ಎಂದರ್ಥ. ಎರಡೂ ಒಟ್ಟಿಗಿರುವ ಶುಲ್ಕವನ್ನು ಈ ಭಾಷೆಯಲ್ಲಿ ಬರೆಯಲಿಕ್ಕೇ ಬಾರದು. ಹಾಗಾಗಿ ಅದನ್ನು ಪರೀಕ್ಷಿಸುವ ಅಗತ್ಯವೂ ಇಲ್ಲ. ನಾಳೆ ‘ವಾರದ್ದು’ ಎಂಬ ಮೂರನೆಯ ಬಗೆ ಸೇರಿಸಿದರೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಾಲುಗಳನ್ನೆಲ್ಲ ಕಂಪೈಲರ್ ಹುಡುಕಿ ಎಚ್ಚರಿಸಬಲ್ಲದು. ಸಾವಿರಾರು ಸಾಲುಗಳಿರುವಲ್ಲಿ ಈ ಎಚ್ಚರಿಕೆಯ ಬೆಲೆ ಏನೆಂದು ರಾತ್ರಿ ಪಾಳಿಯಲ್ಲಿ ದೋಷ ಹುಡುಕಿದವರಿಗೆ ಗೊತ್ತು. ಇಲ್ಲಿ ಇನ್ನೊಂದು ಅನುಕೂಲ ಉಂಟು. ಪ್ರತಿ ಹೆಸರಿನ ಮುಂದೆ ಅದರ ಬಗೆಯನ್ನು ನೀವು ಬರೆಯಬೇಕಾಗಿಲ್ಲ. ಕಂಪೈಲರ್ ಬಹುಮಟ್ಟಿಗೆ ತಾನೇ ಊಹಿಸಿಕೊಳ್ಳುತ್ತದೆ. ಈ ವಿಧಾನವನ್ನು 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ತಮ್ಮ ಎಂಎಲ್ ಭಾಷೆಗಾಗಿ ಬಳಕೆಗೆ ತಂದರು.

ಹಾಗೆಂದು ಇದನ್ನು ಸರ್ವರೋಗ ನಿವಾರಕ ಎಂದು ಭಾವಿಸಬೇಡಿ. ಕಿ.ಮೀ.ಗೆ 18ರ ಬದಲು 81 ಎಂದು ಬರೆದರೆ ಕಂಪೈಲರ್ ಚಕಾರವೆತ್ತುವುದಿಲ್ಲ. ಒಬ್ಬನೇ ಚಾಲಕನಿಗೆ ಎರಡು ಸರ್ವರ್‌ಗಳು ಒಂದೇ ಕ್ಷಣದಲ್ಲಿ ಎರಡು ಸವಾರಿ ಕೊಡದಂತೆ ತಡೆಯಲು ದತ್ತಸಂಚಯದ ಬೀಗವೇ ಬೇಕು. ಬೇಕಾಗುವ ತನಕ ಲೆಕ್ಕವನ್ನು ಮುಂದೂಡುವುದು ಹ್ಯಾಸ್ಕೆಲ್‌ನ ಸ್ವಭಾವ. ಮುಂದೂಡಿದ ಲೆಕ್ಕಗಳು ರಾಶಿ ಬಿದ್ದು ಸ್ಮೃತಿಯನ್ನು ನುಂಗುವುದೂ ಉಂಟು. ಈ ಭಾಷೆ ಬಲ್ಲವರು ಸುಲಭವಾಗಿ ಸಿಗುವುದಿಲ್ಲ ಎಂಬುದು ಕಂಪನಿಗಳ ಹಳೆಯ ಕೊರಗು.

ಆದರೆ ಈ ವಿಚಾರಗಳು ಹ್ಯಾಸ್ಕೆಲ್‌ನೊಳಗೇ ಉಳಿದಿಲ್ಲ. 2014ರಲ್ಲಿ ಜಾವಾ 8ಕ್ಕೆ ಲ್ಯಾಂಬ್ಡಾ ಬಂತು. 2021ರ ಜಾವಾ 17ರಲ್ಲಿ ‘ಇದು ಅಥವಾ ಅದು, ಬೇರೆ ಯಾವುದೂ ಅಲ್ಲ’ ಎಂದು ಹೇಳುವ ಸೌಲಭ್ಯವೂ ಸೇರಿತು. ರಸ್ಟ್ ಭಾಷೆಯಲ್ಲಿ ಇದು ಮೊದಲಿನಿಂದಲೂ ಇದೆ.

ಹ್ಯಾಸ್ಕೆಲ್‌ನ ಕಂಪೈಲರ್ ಉಚಿತವಾಗಿ ಸಿಗುತ್ತದೆ. ಮೇಲಿನ ಬಾಡಿಗೆಯ ಫಂಕ್ಷನ್ ಬರೆದು, ಮೂರ್ನಾಲ್ಕು ಕಡೆಯಿಂದ ಅದನ್ನು ಕರೆದು, ಆಮೇಲೆ ಕಾಯುವ ಶುಲ್ಕಕ್ಕಾಗಿ ತಲೆಬರಹದಲ್ಲಿ ‘ನಿಮಿಷ’ವನ್ನೂ ಸೇರಿಸಿ ನೋಡಿ. ಎಲ್ಲೆಲ್ಲಿ ತಿದ್ದಬೇಕೆಂದು ಕಂಪೈಲರ್ ಸಾಲಿನ ಸಂಖ್ಯೆಯ ಸಮೇತ ನಿಮಗೆ ಹೇಳುತ್ತದೆ.