ಏಷ್ಯಾದ ಕಪ್ಪು ಕರಡಿ

ಏಷ್ಯಾದ ಕಪ್ಪು ಕರಡಿ (ವೈಜ್ಞಾನಿಕ ಹೆಸರು: ಉರ್ಸಸ್ ಥಿಬೆಟಾನಸ್) ಮುಖ್ಯವಾಗಿ ಬೆಟ್ಟಗಾಡುಗಳಲ್ಲಿ ವಾಸಿಸುವ ಮಧ್ಯಮ ಗಾತ್ರದ ಸಸ್ತನಿ. ಇದರ ನೆಲೆಯು ಆಗ್ನೇಯ ಇರಾನಿನಿಂದ ಹಿಮಾಲಯದ ಮಾರ್ಗವಾಗಿ ಚೀನಾ, ಕೊರಿಯಾ, ತೈವಾನ್ ಮತ್ತು ಜಪಾನಿನವರೆಗೆ ಚದುರಿದಂತೆ ಹರಡಿದೆ. ಭಾರತದಲ್ಲಿ ಕಾಶ್ಮೀರದಿಂದ ಅರುಣಾಚಲ ಪ್ರದೇಶದವರೆಗಿನ ಹಿಮಾಲಯದಲ್ಲಿ ಹಾಗೂ ಈಶಾನ್ಯದ ಗುಡ್ಡಗಳಲ್ಲಿ ಕಂಡುಬರುತ್ತದೆ. ಶ್ರೀನಗರದ ಸಮೀಪದ ದಾಚಿಗಾಮ್ ರಾಷ್ಟ್ರೀಯ ಉದ್ಯಾನವು ಇದರ ಪ್ರಸಿದ್ಧ ನೆಲೆಗಳಲ್ಲೊಂದು.

ಕರ್ನಾಟಕದ ದರೋಜಿ ಕರಡಿಧಾಮದಲ್ಲಿರುವುದು ಬೇರೆಯೇ ಪ್ರಭೇದ. ಎರಡರ ಮೈಯೂ ಕಪ್ಪು, ಎರಡರ ಎದೆಯ ಮೇಲೂ ತಿಳಿಬಣ್ಣದ ಪಟ್ಟೆಯಿರುವುದರಿಂದ ಚಿತ್ರಗಳಲ್ಲಿ ಗೊಂದಲವಾಗುವುದುಂಟು. ದರೋಜಿಯ ಕರಡಿ ಜೋಲುಗೂದಲಿನದು, ಗೆದ್ದಲು ಮತ್ತು ಇರುವೆಗಳನ್ನು ಹೀರಿ ತಿನ್ನುವಂಥದು. ಹಿಮಾಲಯದ್ದರ ಕಿವಿಗಳು ದೊಡ್ಡವು, ದುಂಡಗಿನವು. ಅದರ ಆಹಾರದಲ್ಲಿ ಸಸ್ಯಾಹಾರದ ಪಾಲೇ ಹೆಚ್ಚು.

ಆವಾಸ ಮತ್ತು ಆಹಾರ

ಅಗಲ ಎಲೆಯ ಮರಗಳ ಕಾಡು ಈ ಪ್ರಾಣಿಗೆ ಅತ್ಯಗತ್ಯ. ಬೇಸಿಗೆಯಲ್ಲಿ 3,000 ಮೀಟರಿಗೂ ಮೇಲಿನ ಇಳಿಜಾರುಗಳಿಗೆ ಏರುವ ಕರಡಿಗಳು ಚಳಿಗಾಲದಲ್ಲಿ ಕೆಳಗಿನ ಕಣಿವೆಗಳಿಗೆ ಇಳಿಯುತ್ತವೆ. ವಸಂತದಲ್ಲಿ ಚಿಗುರು, ಬೇಸಿಗೆಯಲ್ಲಿ ಹಣ್ಣು ಮತ್ತು ಕೀಟಗಳು, ಶರತ್ಕಾಲದಲ್ಲಿ ಓಕ್ ಕಾಯಿ ಹಾಗೂ ಅಕ್ರೋಟು ಇದರ ಆಹಾರ. ಮರವೇರಿ ಕೊಂಬೆಗಳನ್ನು ಮುರಿದು ಎಳೆದುಕೊಂಡು ತಿನ್ನುವುದರಿಂದ ಮರದ ಮೇಲೆ ಗೂಡಿನಂತಹ ಅಟ್ಟಣೆಗಳು ಉಳಿಯುತ್ತವೆ.

ವರ್ಷದ ಆಹಾರದಲ್ಲಿ ನಿರ್ಣಾಯಕವಾದುದು ಶರತ್ಕಾಲದ ಕಾಯಿಯೇ. ಬೇಸಿಗೆಯಲ್ಲಿ ಜೋಡಿಯಾದರೂ ಭ್ರೂಣವು ಗರ್ಭಕೋಶಕ್ಕೆ ಅಂಟಿಕೊಳ್ಳುವುದು ತಿಂಗಳುಗಳ ಅನಂತರ. ಚಳಿಗಾಲದಲ್ಲಿ ಗುಹೆ ಅಥವಾ ಮರದ ಪೊಟರೆ ಸೇರಿ ಈಯುವ ತಾಯಿ, ಸಾಮಾನ್ಯವಾಗಿ ಎರಡು ಮರಿಗಳಿಗೆ, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಬಲದಿಂದಲೇ ಹಾಲೂಡಿಸಬೇಕು. ಬೆಚ್ಚನೆಯ ಪ್ರದೇಶಗಳಲ್ಲಿ ಉಳಿದ ಕರಡಿಗಳು ಚಳಿನಿದ್ರೆಗೆ ಹೋಗದೆಯೂ ಇರಬಹುದು. ಗರ್ಭಿಣಿಗೆ ಮಾತ್ರ ಗುಹೆವಾಸ ತಪ್ಪದು.

ಮಾನವರೊಡನೆ ಸಂಘರ್ಷ

ಕಾಡಿನಲ್ಲಿ ಕಾಯಿ ಕಡಿಮೆಯಾದರೆ ಕರಡಿ ಊರಿಗೆ ಬರುತ್ತದೆ. ಜಪಾನಿನಲ್ಲಿ ಬೀಚ್ ಮರಗಳು ಕಾಯಿ ಬಿಡದ ವರ್ಷಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹಿಮಾಲಯದಲ್ಲಿ ಮೇವು ಮತ್ತು ಸೌದೆಗಾಗಿ ಓಕ್ ಮರಗಳನ್ನು ಸವರಲಾಗಿದ್ದು, ಹಲವೆಡೆ ಆ ಜಾಗವನ್ನು ಪೈನ್ ಆಕ್ರಮಿಸಿದೆ. ಕಾಶ್ಮೀರ ಕಣಿವೆಯಲ್ಲಿ ಸೇಬಿನ ತೋಟಗಳೂ ಮೆಕ್ಕೆಜೋಳದ ಹೊಲಗಳೂ ಕಾಡಿನ ಅಂಚಿನಲ್ಲಿಯೇ ಇವೆ. ಮುಂಜಾನೆ ತೋಟಕ್ಕೆ ಹೋದವರು ಎದುರಾದ ಕರಡಿಯಿಂದ ಮುಖಕ್ಕೆ ಹಾಗೂ ತಲೆಗೆ ತೀವ್ರವಾಗಿ ಗಾಯಗೊಳ್ಳುತ್ತಾರೆ. ಬೆಳೆ ಮತ್ತು ಜೀವಕ್ಕೆ ಹೆದರಿದ ಹಳ್ಳಿಗರ ಕೈಯಲ್ಲಿ ಕರಡಿಗಳೂ ಸಾಯುತ್ತವೆ.

ಸಂರಕ್ಷಣೆ

ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಈ ಪ್ರಭೇದವು ಅಪಾಯಕ್ಕೀಡಾಗಬಹುದಾದ ವರ್ಗದಲ್ಲಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಪಿತ್ತಕೋಶಕ್ಕಾಗಿ ನಡೆಯುವ ಬೇಟೆ ಮತ್ತೊಂದು ಗಂಡಾಂತರ: ಸಾಂಪ್ರದಾಯಿಕ ಔಷಧಿಗಳಿಗಾಗಿ ಬಯಸುವ ಕರಡಿಯ ಪಿತ್ತರಸದ ಮುಖ್ಯ ಅಂಶವನ್ನು ಈಗ ಪ್ರಾಣಿಯಿಲ್ಲದೆಯೇ ತಯಾರಿಸಬಹುದಾದರೂ ಕಳ್ಳಸಾಗಣೆ ನಿಂತಿಲ್ಲ.